ಬೀಗ ಹಾಕದ ಬೇಲಿ ಮೆಷೀನು

ಟೀಚರ್ ಅವರ ಬಲಗೈ ಹೆಬ್ಬೆರಳಿಗೆ ಗೆರೆಗಳೇ ಇರಲಿಲ್ಲ. ಸೋಲ್ಡರಿಂಗ್ ಕಡ್ಡಿ ತಾಗಿ ತಾಗಿ ಚರ್ಮ ಹುಣಸೆ ಬೀಜದ ಹಾಗೆ ನುಣುಪಾಗಿತ್ತು. ರೇಷನ್ ಅಂಗಡಿಯ ಮೆಷೀನು ಆ ಬೆರಳನ್ನು ಒಪ್ಪದೆ ಹೋದರೆ, ಮೆಷೀನನ್ನೇ ಬಿಚ್ಚಿ ಕೊಡು ನೋಡುತ್ತೇನೆ ಎಂದು ಅಂಗಡಿಯವನನ್ನು ಹೆದರಿಸುತ್ತಿದ್ದರು.

ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳಿ ನಿವೃತ್ತರಾಗಿ, ಕಾಡಂಚಿನ ಗಡಿಯೂರು ಕೊಳವಳ್ಳಿಯಲ್ಲಿ ನಮ್ಮ ಪಕ್ಕದ ಮನೆಗೆ ಬಂದವರು. ಮನೆಮಾತು ಮಲಯಾಳ, ನಮ್ಮ ಕನ್ನಡವನ್ನು ಜಗಳವಾಡಿಯೇ ಕಲಿತರು. ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟು, ಆನೆ ತಡೆಯುವ ಕರೆಂಟ್ ಬೇಲಿಗೆ ಕಂಬ ನೆಟ್ಟು ತಂತಿ ಎಳೆಯುತ್ತಿದ್ದವನು. ಶಾಕ್ ಕೊಡುವ ಮೆಷೀನು ಕೆಟ್ಟರೆ ಪೇಟೆಗೆ ಕಳಿಸಿ ವಾರಗಟ್ಟಲೆ ಕಾಯಬೇಕಿತ್ತು. ಅಷ್ಟರಲ್ಲಿ ಆನೆ ಹೊಳೆ ದಾಟಿ ಬಾಳೆತೋಟ ಮುಗಿಸಿರುತ್ತಿತ್ತು. ನಾನೇ ರಿಪೇರಿ ಕಲಿಯುತ್ತೇನೆ ಅಂದಾಗ ಪಕ್ಕದೂರು ಮುಳ್ಳನ್‌ಕೊಲ್ಲಿಯ ಮೆಕ್ಯಾನಿಕ್ ಚಹಾದಂಗಡಿಯಲ್ಲಿ ಎಲ್ಲರೆದುರು, "ತಂತಿ ಎಳೆಯೋನೇ, ಒಳಗಿರೋದು ಚಿಪ್ ಕಣೋ, ಹಾರೆಯಲ್ಲ" ಎಂದು ಹಂಗಿಸಿದ.

ಟೀಚರ್ ನಗಲಿಲ್ಲ. ನಾಳೆಯೇ ಬಾ ಎಂದರು.

ಬೂಟ್‌ಲೋಡರ್ ಎಂದರೇನೆಂದು ಹೇಳಿಕೊಟ್ಟವರು ಅವರೇ. ಕರೆಂಟ್ ಬಂದೊಡನೆ ಚಿಪ್‌ನೊಳಗೆ ಎಲ್ಲಕ್ಕಿಂತ ಮೊದಲು ಏಳುವ ಪುಟ್ಟ ಪ್ರೋಗ್ರಾಂ. ಬೇಲಿಗೆ ಶಾಕ್ ಕೊಡಿಸುವ ದೊಡ್ಡ ಪ್ರೋಗ್ರಾಂ ನೆಟ್ಟಗಿದ್ದರೆ ಅದನ್ನು ಎಬ್ಬಿಸಿ ಕೆಲಸಕ್ಕೆ ಕಳಿಸುತ್ತದೆ. ಕೆಟ್ಟಿದ್ದರೆ ಹೊಸದು ಬರುವ ತನಕ ಬಾಗಿಲು ತೆರೆದು ಕಾಯುತ್ತದೆ. ನಮ್ಮ ಮೆಷೀನುಗಳ ಚಿಪ್‌ಗಳೆಲ್ಲ ಒಂದೇ ಮನೆತನದವು, ಆದರೆ ಒಳಗಿನ ಜಾಗ ಒಂದೊಂದರದು ಒಂದೊಂದು ಅಳತೆ. ದೊಡ್ಡ ಪ್ರೋಗ್ರಾಂ ಎಲ್ಲಿಂದ ಶುರುವೆಂದು ಪ್ರತಿಯೊಂದಕ್ಕೂ ಬೇರೆ ಬೇರೆ ಹೇಳಿಡಬೇಕು. ಅಣ್ಣನ ಅಂಗಿ ತಮ್ಮನಿಗೆ ತೊಡಿಸಬೇಡ ಎನ್ನುತ್ತಿದ್ದರು. ಇಂಗ್ಲಿಷ್ ಪುಸ್ತಕವನ್ನು ಅವರು ಮಲಯಾಳದಲ್ಲಿ ಓದಿ ಹೇಳುವುದು, ನಾನು ಅದನ್ನೇ ಕನ್ನಡದಲ್ಲಿ ತಿರುಗಿ ಒಪ್ಪಿಸುವುದು.

ಅವರದೊಂದು ಕೆಟ್ಟ ಅಭ್ಯಾಸವಿತ್ತು. ನಾನು ಪ್ರೋಗ್ರಾಂ ಹಾಕುತ್ತಿರುವಾಗ ಸದ್ದಿಲ್ಲದೆ ಬಂದು ವಯರ್ ಕಿತ್ತುಬಿಡುತ್ತಿದ್ದರು. ನಮ್ಮೂರ ಕರೆಂಟು ಹೇಳಿ ಹೋಗುತ್ತದಾ ಎಂದು ನನ್ನನ್ನೇ ಕೇಳುತ್ತಿದ್ದರು. ಅರ್ಧಕ್ಕೆ ಕಿತ್ತರೂ ಮತ್ತೆ ಎದ್ದು ಕಾಯುವಂತಿದ್ದರೆ ಮಾತ್ರ ಮೆಷೀನು ಅವರ ಅಂಗಳ ದಾಟುತ್ತಿತ್ತು.

ನಮ್ಮಿಬ್ಬರಿಗೆ ನಿಜವಾದ ಜಗಳವಾದದ್ದು ಬೀಗದ ವಿಷಯಕ್ಕೆ. ಬೂಟ್‌ಲೋಡರಿಗೆ ಗುಪ್ತಸಂಖ್ಯೆ ಇಟ್ಟರೆ ನನ್ನ ಹೊರತು ಬೇರೆ ಯಾರೂ ಆ ಮೆಷೀನಿಗೆ ಪ್ರೋಗ್ರಾಂ ಹಾಕುವಂತಿಲ್ಲ. ಇಡುತ್ತೇನೆ ಎಂದು ಹಟ ಹಿಡಿದೆ. ಬೆವರು ಸುರಿಸಿ ಕಲಿತವನು ನಾನು. ಹಂಗಿಸಿ ನಕ್ಕ ಆ ಮೆಕ್ಯಾನಿಕ್ ಬಂದು ಸುಮ್ಮನೆ ಬಾಚಿಕೊಳ್ಳಬೇಕೆ?

"ನಿಂಗೆ ಜ್ವರ ಬಂದ ದಿನ ಆನೆ ಲೀವ್ ಹಾಕ್ತದಾ ಮೋನೇ?" ಎಂದರು ಟೀಚರ್. ಮಗನೇ ಅನ್ನುವುದಕ್ಕೆ ಅವರದು ಮೋನೇ.

ನಾನು ಎದ್ದು ಹೋದೆ. ಮೂರು ದಿನ ಅವರ ಅಂಗಳಕ್ಕೆ ಕಾಲಿಡಲಿಲ್ಲ. ಆಮೇಲೆ ಅವರು ಹೇಳಿದ ಹಾಗೇ ಬೀಗವಿಲ್ಲದೆ ಹಾಕಿ, ಪ್ರೋಗ್ರಾಮಿನ ಪೆನ್‌ಡ್ರೈವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಪ್ರತಿ ಮೆಷೀನಿನ ಪೆಟ್ಟಿಗೆಯೊಳಗೂ ಒಂದೊಂದು ಕಟ್ಟಿದೆ. ಒಪ್ಪಿ ಮಾಡಿದ್ದಲ್ಲ. ಟೀಚರ್ ಹೇಳಿದ್ದಕ್ಕೆ ಮಾಡಿದ್ದು.

ಹೋದ ಮಳೆಗಾಲದಲ್ಲಿ ಅವರು ತೀರಿಕೊಂಡರು. ನಾನು ಹೆಗಲು ಕೊಟ್ಟು ಚಿತೆಯ ಹತ್ತಿರ ನಿಂತಿದ್ದಾಗ, ಸಿಡಿಲ ಹೊಡೆತಕ್ಕೆ ಹೊಳೆಬದಿಯ ಮೆಷೀನಿನ ಪ್ರೋಗ್ರಾಂ ಕೆಟ್ಟು ಬೇಲಿ ಸತ್ತುಹೋಯಿತಂತೆ. ಸುದ್ದಿ ತಿಳಿದು ಒದ್ದೆ ಬಟ್ಟೆಯಲ್ಲೇ ಓಡಿದೆ. ಹೋಗಿ ನೋಡಿದರೆ ಬೇಲಿ ಮತ್ತೆ ಜೀವ ಬಂದು ಟಿಕ್ ಟಿಕ್ ಎನ್ನುತ್ತಿತ್ತು. ಪೆಟ್ಟಿಗೆಯ ಪಕ್ಕ, ಮಡಿಲಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಮುಳ್ಳನ್‌ಕೊಲ್ಲಿಯ ಮೆಕ್ಯಾನಿಕ್ ಕೂತಿದ್ದ. ಆಚೆ ದಡದಲ್ಲಿ ಆನೆಗಳು ನಿಂತಿದ್ದವು.

"ಬೀಗ ಇರ್ಲಿಲ್ಲ. ಪೆನ್‌ಡ್ರೈವಲ್ಲಿದ್ದ ಪ್ರೋಗ್ರಾಂ ಹಾಕ್ಬಿಟ್ಟೆ" ಎಂದ, ನನ್ನ ಮುಖ ನೋಡದೆ.

ನಡುವೆ ವಯರ್ ಕಿತ್ತು ನೋಡಿದೆಯಾ ಎಂದು ಕೇಳಿದೆ. ಇಲ್ಲವೆಂದ.

"ಹಾಗಾದ್ರೆ ಇನ್ನೊಂದ್ಸಲ ಹಾಕು" ಎಂದು ವಯರ್ ಹಿಡಿದು ಕೂತೆ. "ನಾನು ಕೀಳ್ತೀನಿ. ಯಾವಾಗ ಅಂತ ಹೇಳಲ್ಲ."