ಜ್ಯೂಸ್ ಗುಂಪಿನ ಇಪ್ಪತ್ತೈದು ಮಂದಿ

ಕೋವಿಡ್ ಅಲೆಗಳು ತಣ್ಣಗಾದ ಮರುವರ್ಷ ನಾನು ಪುಣೆಯ ಶಿವಾಜಿನಗರದ ಒಂದು ಆಸ್ಪತ್ರೆಯಲ್ಲಿ ಹಿರಿಯ ಫಿಜಿಶಿಯನ್ ಆಗಿದ್ದೆ. ನಿವೃತ್ತಿಗೆ ಎರಡು ವರ್ಷ ಬಾಕಿಯಿತ್ತು. ಒಂದು ಸೋಮವಾರ ಬೆಳಿಗ್ಗೆ, ಬಸ್ ನಿಲ್ದಾಣದಲ್ಲಿ ಕುಸಿದುಬಿದ್ದ ಹೆಂಗಸೊಬ್ಬಳನ್ನು ಇಬ್ಬರು ಪ್ರಯಾಣಿಕರು ರಿಕ್ಷಾದಲ್ಲಿ ಕರೆತಂದರು. ಹೆಸರು ವಿದ್ಯಾ, ವಯಸ್ಸು ಮೂವತ್ತೊಂಬತ್ತು. ಬೆಳಗಾವಿ ಕಡೆಯವಳು, ವಿಮಾನ ನಗರದ ಕಚೇರಿಯೊಂದರಲ್ಲಿ ಕೆಲಸ. ಮುಖ ಎಲ್ಲೋ ನೋಡಿದಂತಿತ್ತು, ನೆನಪಾಗಲಿಲ್ಲ.

ಎಚ್ಚರವಿತ್ತು, ಆದರೆ ಕಾಲೆತ್ತಲು ಶಕ್ತಿಯಿರಲಿಲ್ಲ. ಇಸಿಜಿಯಲ್ಲಿ ಹೃದಯ ಪ್ರತಿ ಮೂರ್ನಾಲ್ಕು ಬಡಿತಕ್ಕೊಮ್ಮೆ ಲಯ ತಪ್ಪುತ್ತಿತ್ತು. ರಕ್ತದ ವರದಿಯಲ್ಲಿ ಪೊಟ್ಯಾಸಿಯಂ 2.1. ಬಡಿತವನ್ನು ಕ್ರಮದಲ್ಲಿಡುವ ಈ ಲವಣ 3.5ಕ್ಕಿಂತ ಮೇಲಿರಬೇಕು. ಇಷ್ಟು ಕೆಳಗಿಳಿದರೆ ಹೃದಯ ಯಾವ ಗಳಿಗೆಯಲ್ಲಾದರೂ ನಿಲ್ಲಬಹುದು. ಐಸಿಯುಗೆ ಸೇರಿಸಿ ಡ್ರಿಪ್ ಹಚ್ಚಿದೆವು. ಪೊಟ್ಯಾಸಿಯಂ ಅನ್ನು ಅವಸರದಿಂದ ಕೊಡುವಂತಿಲ್ಲ. ವೇಗ ಹೆಚ್ಚಾದರೆ ಅದೇ ಹೃದಯವನ್ನು ನಿಲ್ಲಿಸುತ್ತದೆ. ಕಾಯಬೇಕು. ಕಾಯುವುದು ನನಗೆ ಎಂದೂ ಒಗ್ಗಿದ್ದಲ್ಲ. ಮಾನಿಟರ್ ಮುಂದೆ ಕೂತು, ಎದ್ದು, ಮತ್ತೆ ಕೂತೆ.

"ಏನು ಉಣ್ಣಾಕತ್ತಿದ್ರಿ?" ಎಂದು ಕೇಳಿದೆ.

"ಬರೇ ಸೌತಿಕಾಯಿ ಜ್ಯೂಸ್ ರೀ. ಉಪ್ಪು ಬಿಟ್ಟೀನಿ. ಮಲಗೋ ಮುಂದ ಹೊಟ್ಟಿ ಸ್ವಚ್ಛ ಆಗೋ ಚಹಾ."

ಆ ಚಹಾದಲ್ಲಿದ್ದದ್ದು ಸೋನಾಮುಖಿ, ಅಂದರೆ ಭೇದಿ ಮಾಡಿಸುವ ಎಲೆ; ದಿನವೂ ಕುಡಿದರೆ ಪೊಟ್ಯಾಸಿಯಂ ಭೇದಿಯ ಜೊತೆ ಹರಿದುಹೋಗುತ್ತದೆ. ಇಂಟರ್ನೆಟ್ಟಿನಲ್ಲಿ ನೋಡಿ ಕಲಿತ ಪಥ್ಯವಂತೆ. ಹತ್ತು ವಾರದಲ್ಲಿ ತೂಕ 81 ಕಿಲೋದಿಂದ 66ಕ್ಕೆ ಇಳಿದಿತ್ತು.

ಮಧ್ಯಾಹ್ನದ ಹೊತ್ತಿಗೆ ಆಕೆ ಫೋನಿಗಾಗಿ ಹಟ ಹಿಡಿದಳು. ನರ್ಸ್ ಕೊಡಲಿಲ್ಲ. ಆಕೆ ಡ್ರಿಪ್ ಸೂಜಿ ಇದ್ದ ಕೈಯನ್ನೇ ಎತ್ತಿ ಎಳೆದಾಡತೊಡಗಿದಳು, ಮಾನಿಟರ್ ಕೂಗಿಕೊಂಡಿತು. ಫೋನಿನ ಚಟವೆಂದುಕೊಂಡು ನಾನು ಗದರಿದೆ.

"ಹಂಗಲ್ಲ ಮೇಡಂ. ನನ್ನ ವಾಟ್ಸಾಪ್ ಗುಂಪಿನಾಗ ಇಪ್ಪತ್ತೈದು ಮಂದಿ ಅದಾರ್ರಿ. ನಾ ಇಳಿದದ್ದು ನೋಡೇ ಅವರೂ ಸುರು ಮಾಡ್ಯಾರ. ಇವತ್ತೂ ಅದನ್ನ ಕುಡ್ಯಾಕತ್ತಿರ್ತಾರ." ಆಮೇಲೆ, "ನೀವು ಬರೆದ ಚೀಟೀನೂ ಅದರಾಗ ಹಾಕೀನ್ರಿ" ಎಂದಳು.

ಹಳೆಯ ಕಡತ ತರಿಸಿದೆ. ಐದು ವಾರದ ಹಿಂದೆ ಬಿಪಿ ತಪಾಸಣೆಗೆ ನನ್ನ ಓಪಿಡಿಗೇ ಬಂದಿದ್ದಳು. ನನ್ನದೇ ಅಕ್ಷರ: 'ತೂಕ ಒಂಬತ್ತು ಕಿಲೋ ಕಡಿಮೆ. ಅತ್ಯುತ್ತಮ. ಹೀಗೇ ಮುಂದುವರಿಸಿ.' ಕೆಳಗೆ ಬಿಪಿಯ ಹಳೆಯ ಮಾತ್ರೆಯನ್ನೇ ಬರೆದಿದ್ದೆ. ಅದು ಮೂತ್ರ ಹೆಚ್ಚಿಸುವ ಬಗೆಯದು. ಜೊತೆಗೆ ಪೊಟ್ಯಾಸಿಯಂ ಅನ್ನೂ ಹೊರಹಾಕುತ್ತದೆ. ಹೊರಗೆ ಸರತಿ ಉದ್ದವಿತ್ತು, ಮೂರು ನಿಮಿಷದಲ್ಲಿ ಕಳಿಸಿದ್ದೆ.

ಫೋನ್ ಕೊಡಿಸಿದೆ. ಜ್ಯೂಸ್ ನಿಲ್ಲಿಸಿ, ಹತ್ತಿರದ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿ ಎಂದು ನನ್ನ ದನಿಯಲ್ಲೇ, ಕನ್ನಡದಲ್ಲೂ ಮರಾಠಿಯಲ್ಲೂ, ಸಂದೇಶ ಕಳಿಸಿದೆವು. ಬಿಪಿ ಮಾತ್ರೆ ನುಂಗುವವರು ಯಾರು ಎಂದು ಕೇಳಿದಾಗ ವಿದ್ಯಾಗೆ ಗೊತ್ತಿದ್ದದ್ದು ಒಂದೇ ಹೆಸರು, ಪುಣೆಯ ಹೊರವಲಯದ ದೇಹೂ ರೋಡಿನ ಶೋಭಾ. ಆಕೆ ಮಾತ್ರ ಸಂದೇಶ ನೋಡಿರಲಿಲ್ಲ. ರೌಂಡ್ಸ್ ನಡುವೆ ಕಾರಿಡಾರಿಗೆ ಬಂದು ಬಂದು ಕರೆ ಮಾಡಿದೆ. ಏಳನೆಯ ಸಲಕ್ಕೆ, ಸಂಜೆ ಐದಕ್ಕೆ, ಎತ್ತಿಕೊಂಡಳು.

"ನಾ ಆರಾಮ ಅದೀನ್ರಿ. ಕಾಲು ಅಷ್ಟ ಹಿಡೀತಾವ."

"ಎದಿ ಧಡಧಡ ಅಂತದೇನ್ರಿ?"

ಆ ಕಡೆ ಕುಕ್ಕರ್ ಕೂಗಿ ನಿಂತಿತು. "ಮೂರು ದಿನ ಆತ್ರಿ. ಕೊಬ್ಬು ಕರಗೋ ಮುಂದ ಹಂಗ ಆಗ್ತದಂತ."

"ಒಲಿ ಆರಿಸ್ರಿ. ಮನ್ಯಾವರನ್ನ ಕರ್ಕೊಂಡು ಈಗಿಂದೀಗ ದವಾಖಾನಿಗೆ ಹೋಗ್ರಿ. ಫೋನ್ ಇಡಬ್ಯಾಡ್ರಿ, ಹೊರಡೋ ತನಕ ನಾ ಇರ್ತೀನಿ."

ಅಲ್ಲಿನ ವೈದ್ಯರು ಒಂದು ತಾಸಿನಲ್ಲಿ ತಿಳಿಸಿದರು: ಪೊಟ್ಯಾಸಿಯಂ 2.5, ದಾಖಲಿಸಿಕೊಂಡಿದ್ದೇವೆ. ನಾಲ್ಕನೆಯ ದಿನ ಶೋಭಾ ಮನೆಗೆ ಹೋದಳು.

ಇತ್ತ ವಿದ್ಯಾ ದಾಖಲಾದ ಮರುದಿನ ಆಕೆಯ ತಾಯಿ ಡಬ್ಬಿ ತುಂಬ ರವೆಯ ಸಿಹಿ ಶಿರಾ ತಂದರು. ನಾನು ಬಾಗಿಲಲ್ಲೇ ತಡೆದೆ. "ಉಪವಾಸ ಬಿದ್ದು ಸಾಯಾಕತ್ತಿದ್ಲು, ಡಾಕ್ಟರ್‌ಬಾಯಿ. ಈಗ ಉಣ್ಣಬ್ಯಾಡ ಅಂತೀರಿ?" ಎಂದು ಕಣ್ಣು ತುಂಬಿಕೊಂಡರು. ತಿಂಗಳುಗಟ್ಟಲೆ ಹಸಿದ ದೇಹಕ್ಕೆ ಒಮ್ಮೆಲೇ ಹೊಟ್ಟೆತುಂಬ ಬಿದ್ದರೆ ರಕ್ತದ ಲವಣಗಳು ಮತ್ತೆ ಕುಸಿದು ಹೃದಯಕ್ಕೆ ಎರಡನೆಯ ಪೆಟ್ಟಾಗುತ್ತದೆಂದು ವಿವರಿಸಿದೆ. ಆಮೇಲೆ ಅವರೇ ಅಳತೆ ಹಿಡಿದು ಚಮಚ ಚಮಚ ಗಂಜಿ ಕುಡಿಸಿದರು. ಮೂರನೆಯ ದಿನ ಪೊಟ್ಯಾಸಿಯಂ 3.6 ತೋರಿಸಿತು.

ಗುಂಪಿನಲ್ಲಿ ಇಪ್ಪತ್ತೊಂದು ಮಂದಿ ಪಥ್ಯ ಬಿಟ್ಟರು. ನಾಲ್ವರು, ಡಾಕ್ಟರುಗಳು ಹೀಗೇ ಹೆದರಿಸುತ್ತಾರೆಂದು ಬರೆದು ಗುಂಪಿನಿಂದಲೇ ಹೊರಟುಹೋದರು. ಅವರಿಗೆ ಏನಾಯಿತೋ ನನಗೆ ಇಂದಿಗೂ ತಿಳಿಯದು.

ಬಿಡುಗಡೆಯ ದಿನ ವಿದ್ಯಾಳ ಹಾಸಿಗೆಯ ಪಕ್ಕ ಕೂತು, "ಇದರಾಗ ನನ್ನ ತಪ್ಪೂ ಅದ" ಎಂದೆ.

"ಇಲ್ರಿ ಮೇಡಂ. ಜ್ಯೂಸಿನ ವಿಷಯ ನಾನೇ ಹೇಳಿರಲಿಲ್ಲಲ್ರಿ."

"ನಾ ಕೇಳಿರಲಿಲ್ಲ."

ತೂಕದ ಯಂತ್ರ ಕಿಲೋಗಳನ್ನಷ್ಟೇ ಹೇಳುತ್ತದೆ. ಕರಗಿದ್ದು ಕೊಬ್ಬೋ, ಸ್ನಾಯುವೋ, ಹೃದಯದ ಲವಣವೋ ಎಂಬುದನ್ನು ಮನುಷ್ಯರನ್ನು ಕೇಳಿಯೇ ತಿಳಿಯಬೇಕು. ಉಳಿದ ಎರಡು ವರ್ಷ, ತೂಕ ಇಳಿಸಿಕೊಂಡು ಖುಷಿಯಿಂದ ಬಂದವರ ಮುಂದೆ ಪೆನ್ನು ಕೆಳಗಿಟ್ಟು, ನಿನ್ನೆ ಬೆಳಿಗ್ಗೆಯಿಂದ ಏನೇನು ಉಂಡಿರಿ ಎಂದು ಕೇಳುತ್ತಿದ್ದೆ. ಉತ್ತರ ಮುಗಿಯುವ ತನಕ ಹೊರಗಿನ ಸರತಿ ಗೊಣಗುತ್ತಿತ್ತು. ಗೊಣಗಲಿ ಎಂದು ಬಿಟ್ಟೆ.