ಬೇಲಿಯಿಲ್ಲದ ಸರೋವರ

ನಿಂಗರಾಜ ಹುನಗುಂದದ ಕಡೆಯವನು. ಐಟಿಐ ಮುಗಿಸಿ ಕತಾರಿಗೆ ಬಂದು ಹದಿನೇಳು ವರ್ಷವಾಯಿತು. ರಾಸ್ ಲಫಾನಿನ ಅನಿಲ ಘಟಕವೊಂದರಲ್ಲಿ ಒತ್ತಡದ ಮಾಪಕಗಳನ್ನು ಬಿಚ್ಚಿ, ಸರಿಪಡಿಸಿ, ಮತ್ತೆ ಕೂಡಿಸುವುದು ಅವನ ಕೆಲಸ. ಅಲ್ಲಿ ಒಂದು ಬೋಲ್ಟು ಸಡಿಲಿಸಬೇಕಾದರೂ ಪರ್ಮಿಟ್ ಬೇಕು. ಮೂರು ಜನ ಸಹಿ ಹಾಕಬೇಕು, ಗಾಳಿಯ ಪರೀಕ್ಷೆಯಾಗಬೇಕು, ಆ ಕಾಗದವನ್ನು ಕೆಲಸದ ಜಾಗದಲ್ಲೇ ನೇತುಹಾಕಬೇಕು. ಪರ್ಮಿಟ್ ಇಲ್ಲದೆ ಸ್ಪ್ಯಾನರ್ ಎತ್ತಿದವನಿಗೆ ಮರುದಿನ ಗೇಟು ತೆರೆಯುವುದಿಲ್ಲ. ಹೀಗಿದ್ದರೇ ಸರಿ ಎಂಬುದು ನಿಂಗರಾಜನ ನಂಬಿಕೆ.

ಅವನ ಹವ್ಯಾಸ ವಿಮಾನಗಳ ಫೋಟೋ ತೆಗೆಯುವುದು. ಶುಕ್ರವಾರ ಬಿಡುವಿದ್ದರೆ ಕಡಲದಂಡೆಗೆ ಹೋಗಿ, ಇಳಿಯಲು ಬರುವ ವಿಮಾನಗಳಿಗಾಗಿ ಕಾಯುತ್ತಾನೆ. ಒಮ್ಮೆ ಕಾವಲುಗಾರನೊಬ್ಬ ಬಂದು ವಿಚಾರಿಸಿದ್ದ. ಅಂದಿನಿಂದ ಎಲ್ಲಿಗೆ ಹೋದರೂ ಮೊದಲು ಯೂನಿಫಾರಂ ತೊಟ್ಟವರನ್ನು ಹುಡುಕಿ ಕೇಳುತ್ತಾನೆ. ಬೇಡ ಎಂದರೆ ಕ್ಯಾಮೆರಾ ಚೀಲದೊಳಗೇ ಇರುತ್ತದೆ.

"ನೀವು ಫೋಟೋ ತಗಿಯೂದಕ್ಕಿಂತ ಕೇಳ್ಕೋತ ತಿರಗೂದ ಜಾಸ್ತಿ ಐತ್ರಿ" ಎಂದು ಹೆಂಡತಿ ಚಂದ್ರಿಕಾ ಆಡಿಕೊಳ್ಳುತ್ತಾಳೆ.

ಹನ್ನೊಂದು ವರ್ಷಗಳಲ್ಲಿ ಒಂಬತ್ತು ಸಾವಿರ ಚಿತ್ರಗಳಾಗಿದ್ದವು. ಆದರೆ ನೀರಿನಿಂದ ಮೇಲೇಳುವ ವಿಮಾನದ ಚಿತ್ರ ಒಂದೂ ಇರಲಿಲ್ಲ. ಕೆನಡಾದ ಪಶ್ಚಿಮದಲ್ಲಿ ರಸ್ತೆ ಮುಟ್ಟದ ಊರುಗಳಿಗೆ ಕಾಲಿಗೆ ದೋಣಿ ಕಟ್ಟಿಕೊಂಡಂಥ ಸಣ್ಣ ವಿಮಾನಗಳೇ ಬಸ್ಸು, ಅವೇ ಟಪಾಲು. ಅವುಗಳಲ್ಲಿ ಬೀವರ್ ಎಂಬುದು ತಯಾರಿಕೆ ನಿಂತು ಅರ್ಧ ಶತಮಾನ ದಾಟಿದರೂ ಹಾರುತ್ತಲೇ ಇದೆ. ಅದು ನೀರು ಬಿಡುವ ಕ್ಷಣವನ್ನು ಹಿಡಿಯಬೇಕೆಂಬುದು ಅವನ ಆಸೆ. ಎರಡು ಸಲ ತಿರಸ್ಕೃತವಾದ ವೀಸಾ ಮೂರನೆಯ ಸಲ ಬಂತು. ಮತ್ತೊಮ್ಮೆ ಬಂದೀತೆಂಬ ಭರವಸೆ ಅವನಿಗಿರಲಿಲ್ಲ. ಆ ಆಗಸ್ಟಿನಲ್ಲಿ ಹೆಂಡತಿ, ಮಗಳನ್ನು ಊರಿಗೆ ಕಳಿಸಿ, ತಾನು ಎರಡು ವಾರದ ರಜೆ ಹಾಕಿ ಹೊರಟ.

ಜೊತೆಗೆ ಬಂದವನು ಸಾಬಿತ್. ಬಂಟ್ವಾಳದವನು, ಹಮದ್ ಬಂದರಿನಲ್ಲಿ ಕಂಟೇನರುಗಳ ಲೆಕ್ಕ ನೋಡುವ ಕೆಲಸ. ವಿಮಾನದ ಹುಚ್ಚು ಅವನಿಗಿಲ್ಲ. ಅವನ ಅಕ್ಕ ಶಾಹಿನಾ ವ್ಯಾಂಕೂವರಿನ ಹತ್ತಿರ ಇದ್ದಾಳೆ. ಕಂಡು ಆರು ವರ್ಷವಾಗಿತ್ತು. ಹೋಗುವಾಗ ಒಂದು ಹೊತ್ತು ಕಂಡದ್ದಾಯಿತು. ಬರುವಾಗ ಕೊನೆಯ ರಾತ್ರಿಯ ಊಟ ಅವಳ ಮನೆಯಲ್ಲಿ ಎಂದು ಮಾತಾಗಿತ್ತು.

ಬಾಡಿಗೆ ಕಾರಿನಲ್ಲಿ ಸರೋವರದಿಂದ ಸರೋವರಕ್ಕೆ ಅಲೆದರು. ಎಲ್ಲೆಲ್ಲೂ ಕಾಡ್ಗಿಚ್ಚಿನ ಹೊಗೆ. ವಿಮಾನಗಳು ಕಟ್ಟಿದ ಹಗ್ಗ ಬಿಚ್ಚಲಿಲ್ಲ. ಕೊನೆಗೆ ನಿಂಪೋ ಸರೋವರಕ್ಕೆ ಬಂದು ಮೂರು ದಿನ ಕಾದರು. ನಾಲ್ಕನೆಯದು ಕೊನೆಯ ದಿನ. ದೋಹಾದ ವಿಮಾನ ಮರುದಿನ ಬೆಳಿಗ್ಗೆ. ವ್ಯಾಂಕೂವರಿಗೆ ಹನ್ನೊಂದು ಗಂಟೆಯ ದಾರಿ. ಶಾಹಿನಾಳ ಮನೆಯ ಊಟಕ್ಕೆ ಸೇರಬೇಕಾದರೆ ಬೆಳಿಗ್ಗೆ ಹತ್ತಕ್ಕೆ ಹೊರಡಲೇಬೇಕಿತ್ತು.

"ನಿಂಗಣ್ಣ, ಏಳಿ ಮಾರಾಯ್ರೆ! ಆಕಾಶ ಕಾಣ್ತಾ ಉಂಟು!" ಎಂದು ಸಾಬಿತ್ ಅಂದು ಬೆಳಿಗ್ಗೆ ಎಬ್ಬಿಸಿದ.

ಇಬ್ಬರೂ ನೀರಿನ ಬಳಿಗೆ ಓಡಿದರು. ನೀರಿನೊಳಕ್ಕೆ ಚಾಚಿದ್ದ ಮರದ ಜೆಟ್ಟಿಗೆ ಕಟ್ಟಿದ ಹಳದಿ ಬೀವರ್‌ಗೆ, ಮಾಸಿದ ಅಂಗಿಯ ಮನುಷ್ಯನೊಬ್ಬ ಡಬ್ಬಿಗಳನ್ನು ಹೊತ್ತು ತುಂಬುತ್ತಿದ್ದ. ಪಕ್ಕದಲ್ಲಿ ಒಂದು ನಾಯಿ. ಬೇಲಿ ಇಲ್ಲ, ಗೇಟಿಲ್ಲ, ಫಲಕವೂ ಇಲ್ಲ. ನಿಂಗರಾಜ ಜೆಟ್ಟಿಯ ಮೊದಲ ಹಲಗೆಯ ಹತ್ತಿರ ನಿಂತುಬಿಟ್ಟ.

"ಎಂತ ನಿಂತದ್ದು? ತೆಗೀರಿ!"

"ಯಾರನ್ನಾರ ಕೇಳ್ಬೇಕಲ್ಲೋ."

"ಯಾರನ್ನ? ಆ ನಾಯಿಯನ್ನಾ?"

"ಹಂಗ ಅನಬ್ಯಾಡ. ವಿಮಾನದ ಜಾಗ ಇದು. ಎಲ್ಲೆರ ಆಫೀಸ್ ಇದ್ದ ಇರತೈತಿ."

ಡಬ್ಬಿ ಹೊರುವವನನ್ನು ಕೇಳಬಹುದೆಂದು ಅವನಿಗೆ ಹೊಳೆಯಲಿಲ್ಲ. ಸಾಮಾನು ಹೊರುವವರು ಪರ್ಮಿಟ್ ಕೊಟ್ಟದ್ದನ್ನು ಅವನು ಹದಿನೇಳು ವರ್ಷದಲ್ಲಿ ಕಂಡಿರಲಿಲ್ಲ. ದಿಬ್ಬದ ಮೇಲಿನ ಅಂಗಡಿಗೆ ಹತ್ತಿಹೋದ. ಕೌಂಟರಿನಲ್ಲಿ ಜೂಲಿಯೆಟ್ ಎಂಬ ವಯಸ್ಸಾದ ಹೆಂಗಸಿದ್ದಳು. ದೋಹಾದಲ್ಲೇ ಟೈಪು ಮಾಡಿಸಿ ತಂದ ವಿನಂತಿ ಪತ್ರವನ್ನು, ಪಾಸ್‌ಪೋರ್ಟಿನ ಪ್ರತಿಯೊಂದಿಗೆ, ಅವಳ ಮುಂದಿಟ್ಟ. ಅವಳು ಕನ್ನಡಕ ಹುಡುಕಿ ಹಾಕಿಕೊಂಡು ನಿಧಾನವಾಗಿ ಓದಿದಳು.

"ಎಷ್ಟು ಚೆನ್ನಾಗಿ ಬರೆದಿದ್ದೀರಿ. ನಾನೇನು ಮಾಡಬೇಕು?"

"ಒಂದು ಸಹಿ ಬೇಕಿತ್ತು."

"ನನ್ನದು ಅಂಗಡಿ ಮಾತ್ರ. ವಿಮಾನ, ಜೆಟ್ಟಿ ಎಲ್ಲ ಮೈಕಲ್‌ದು. ಕೆಳಗೆ ಡಬ್ಬಿ ತುಂಬುತ್ತಿದ್ದಾನಲ್ಲ, ಅವನೇ."

ಅಷ್ಟರಲ್ಲಿ ಎಂಜಿನ್ನಿನ ಗುಡುಗಿಗೆ ಕಿಟಕಿಯ ಗಾಜು ನಡುಗಿತು. ನಿಂಗರಾಜ ಮೆಟ್ಟಿಲಿಳಿದು ಓಡಿದ. ಅವನು ದಂಡೆ ಮುಟ್ಟುವಷ್ಟರಲ್ಲಿ ನೀರಿನ ಮೇಲೆ ಎರಡು ಬಿಳಿ ಗೆರೆಗಳು ಮಾತ್ರ ಉಳಿದಿದ್ದವು. ವಿಮಾನ ಪೈನ್ ಮರಗಳಾಚೆ ಹಳದಿ ಚುಕ್ಕೆಯಾಗಿತ್ತು.

"ಮೊಬೈಲ್‌ನಾಗರ ತಗದಿ ಏನೋ?"

ಸಾಬಿತ್ ತಲೆ ಕೆರೆದುಕೊಂಡ. "ಬಾಯಿ ಬಿಟ್ಟು ನೋಡ್ತಾ ಇದ್ದೆ ಅಣ್ಣ. ಮೊಬೈಲಿನ ನೆನಪೇ ಆಗ್ಲಿಲ್ಲ."

ನಿಂಗರಾಜ ಬೈಯಲಿಲ್ಲ. ಜೆಟ್ಟಿಯ ತುದಿಗೆ ಹೋಗಿ ಕೂತ. ಒಂಬತ್ತೂವರೆಗೆ ವಿಮಾನ ಮರಳಿ ಬಂತು. ಬಿಸಿಲಿಗೆ ಎದುರಾಗಿ ದೂರದಲ್ಲಿಳಿದು, ತೇಲುತ್ತ ಹತ್ತಿರವಾಯಿತು. ಅವನು ಕ್ಯಾಮೆರಾ ಎತ್ತಿದ್ದೇ ತಡ, ಮೈಕಲ್ ಬಾಗಿಲು ತೆರೆದು ಕೆಳಗಿಳಿದು ಹಗ್ಗವನ್ನು ಅವನತ್ತ ಎಸೆದ. ಜೆಟ್ಟಿಯ ಮೇಲೆ ಬೇರೆ ಯಾರೂ ಇರಲಿಲ್ಲ. ಕ್ಯಾಮೆರಾ ಎದೆಗೆ ಜೋತುಬಿತ್ತು. ನಿಂಗರಾಜ ಹಗ್ಗ ಹಿಡಿದ, ಎಳೆದ, ಊರಿನಲ್ಲಿ ಹೋರಿಗಳನ್ನು ಗೂಟಕ್ಕೆ ಕಟ್ಟುತ್ತಿದ್ದ ಗಂಟು ಹಾಕಿ ಬಿಗಿದ.

ಸಾಬಿತ್‌ನಿಂದ ಪತ್ರದ ಕತೆ ಕೇಳಿ ಮೈಕಲ್‌ಗೆ ನಗು ತಡೆಯಲಾಗಲಿಲ್ಲ. "ನನ್ನನ್ನೇ ಕೇಳಬಾರದಿತ್ತೆ? ಇಲ್ಲಿ ಹೊರುವವನೂ ನಾನೇ, ಹಾರಿಸುವವನೂ ನಾನೇ. ಮಧ್ಯಾಹ್ನ ಒಂದು ಗಂಟೆಗೆ ಮತ್ತೆ ಹೋಗುತ್ತೇನೆ. ಎಲ್ಲಿ ಬೇಕಾದರೂ ನಿಂತು ತೆಗೆದುಕೊಳ್ಳಿ."

ಒಂದು ಗಂಟೆ. ಅದಾದ ಮೇಲೆ ಹೊರಟರೆ ವ್ಯಾಂಕೂವರ್ ತಲುಪುವಾಗ ನಡುರಾತ್ರಿ, ಅಲ್ಲಿಂದ ನೇರ ವಿಮಾನ ನಿಲ್ದಾಣ. ಸಾಬಿತ್ ಆಗಲೇ ಮೊಬೈಲ್ ಕೈಗೆತ್ತಿಕೊಂಡಿದ್ದ.

"ನಿಲ್ಲುವ ಅಣ್ಣ. ಅಕ್ಕನಿಗೆ ನಾನು ಹೇಳ್ತೇನೆ. ಪತ್ತಿರ್ ರೊಟ್ಟಿ ಮಾಡ್ತಾಳಂತೆ, ಮಕ್ಕಳು ತಿಂತಾರೆ ಬಿಡಿ."

ನಿಂಗರಾಜ ಸರೋವರವನ್ನೊಮ್ಮೆ ನೋಡಿದ. ತಾನು ಕಟ್ಟಿದ ಹಗ್ಗಕ್ಕೆ ಮೆಲ್ಲಗೆ ಜಗ್ಗುತ್ತಿದ್ದ ವಿಮಾನದ ಒಂದೇ ಒಂದು ಚಿತ್ರ ತೆಗೆದು, ಕ್ಯಾಮೆರಾವನ್ನು ಚೀಲಕ್ಕೆ ಹಾಕಿದ.

"ಖಲಾಸ್. ಅಕ್ಕಗ ಫೋನ್ ಹಚ್ಚು, ಊಟಕ್ಕ ಬರ್ತೀವಿ ಅನ್ನು."

"ಅಣ್ಣ, ಇಷ್ಟು ದೂರ ಬಂದು—"

"ಯಲ್ಲಾ, ನಡಿ ನಡಿ, ಗಾಡಿ ತಗಿ."

ಅಂದು ರಾತ್ರಿ ಶಾಹಿನಾಳ ಮನೆಯಲ್ಲಿ ಇಬ್ಬರೂ ಹೊಟ್ಟೆ ತುಂಬ ಉಂಡರು. ಅಕ್ಕ ತಮ್ಮ ಬ್ಯಾರಿ ಭಾಷೆಯಲ್ಲಿ ಮಾತಿಗಿಳಿದರು. ನಿಂಗರಾಜನಿಗೆ ಒಂದಕ್ಷರ ತಿಳಿಯದಿದ್ದರೂ ಕೂತು ಕೇಳಿದ.

ಈಗ ಶುಕ್ರವಾರ ಚಹಾಕ್ಕೆ ಸೇರಿದಾಗ ಯಾರಾದರೂ ಕೆನಡಾದ ಮಾತು ತೆಗೆದರೆ, ಬೀವರ್ ನೀರು ಬಿಟ್ಟೆದ್ದ ಬಗೆಯನ್ನು ಸಾಬಿತ್ ಹೇಳುತ್ತಾನೆ. ಕೈ ಚಾಚಿ, ಬಾಯಲ್ಲೇ ಎಂಜಿನ್ ಗುಡುಗಿಸಿ ಹೇಳುತ್ತಾನೆ. ಪ್ರತಿ ಸಲವೂ ನೀರು ಒಂದಿಷ್ಟು ಹೆಚ್ಚು ಎತ್ತರಕ್ಕೆ ಚಿಮ್ಮುತ್ತದೆ. ನಿಂಗರಾಜ ತಿದ್ದುವುದಿಲ್ಲ. ಹೇಳಿ ಮುಗಿದ ಮೇಲೆ, "ರೆಕ್ಕಿ ಮೊದಲ ಯಾವ ಕಡೆ ವಾಲಿತ್ತೋ?" ಎಂದು ಕೇಳುತ್ತಾನೆ.