ಕೂಸಿನ ದೃಷ್ಟಿ ತೆಗೆದ ಶೇಖವ್ವ

ಮೊದಲೇ ಹೇಳಿಬಿಡುತ್ತೇನೆ, ಶೇಖವ್ವನ ಹೆಸರನ್ನು ಪೊಲೀಸರಿಗೆ ಕೊಟ್ಟವನು ನಾನೇ. ಅವಳಿಗೆ ಕೇಡಾಗಲಿ ಎಂದು ಕೊಡಲಿಲ್ಲ, ಹೆಮ್ಮೆಯಿಂದ ಕೊಟ್ಟೆ. ನಾನು ಫಕ್ಕೀರಪ್ಪ, ಬ್ಯಾಡಗಿಯ ಬಸ್ ಸ್ಟ್ಯಾಂಡಿನ ಹತ್ತಿರ ಮೂವತ್ತೊಂದು ವರ್ಷದಿಂದ ಪೇಪರ್ ಮಾರುತ್ತಿರುವವನು. ಯಾರು ಪೇಪರ್ ಓದುತ್ತಾರೆ ಎಂದು ಕೇಳಿದರೆ ಬಾಯಿ ಮುಚ್ಚಿಕೊಂಡಿರಬೇಕಾದ ಕಾಲ ಬರುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ.

ಶೇಖವ್ವನಿಗೆ ಈಗ ಐವತ್ತೆಂಟು ವರ್ಷ. ತವರು ಕರ್ಜಗಿ. ಲಗ್ನವಾಗಿ ಬ್ಯಾಡಗಿಗೆ ಬಂದಾಗ ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ಗಂಡ ಮೆಣಸಿನಕಾಯಿ ಮಾರ್ಕೆಟ್ಟಿನಲ್ಲಿ ಹಮಾಲಿ. ಚೀಲ ಹೊತ್ತು ಹೊತ್ತು ಮೊದಲು ಬೆನ್ನು ಹೋಯಿತು, ನಾಲ್ಕು ವರ್ಷದ ಮೇಲೆ ಅವನೇ ಹೋದ. ಸಾಕ್ಷರತಾ ಆಂದೋಲನದ ಕಾಲದಲ್ಲಿ ಓಣಿಯ ಹೆಂಗಸರನ್ನೆಲ್ಲ ಕೂಡಿಸಿ ಅಕ್ಷರ ಕಲಿಸಿದರಲ್ಲ, ಆಗ ಇವಳೂ ಕಲಿತಳು. ಆಂದೋಲನ ಮುಗಿದ ಮೇಲೆ ಉಳಿದವರೆಲ್ಲ ಕಲಿತದ್ದನ್ನು ಮರೆತರು. ಇವಳು ಮಾತ್ರ ಕೆಲಸಕ್ಕೆ ಹೋಗುವ ದಾರಿಯಲ್ಲಿ ನನ್ನ ಅಂಗಡಿಯ ಮುಂದೆ ನಿಂತು, ನೇತುಹಾಕಿದ ಪೇಪರಿನ ದಪ್ಪ ಅಕ್ಷರಗಳನ್ನು ಒಂದೊಂದೇ ಕೂಡಿಸಿ ಓದುತ್ತಿದ್ದಳು. ನಿಂತು ಓದಿದರೆ ಬಾಡಿಗೆ ಹಾಕುತ್ತೇನೆ ಎಂದು ನಾನು ಚೇಷ್ಟೆ ಮಾಡಿದ ಮರುದಿನದಿಂದ ಕೊಂಡೇ ಓದತೊಡಗಿದಳು. ಆ ಸೆಡವಿನ ಹೆಂಗಸು ಅವಳು.

ಅವಳ ಕೆಲಸ ವಿರೂಪಾಕ್ಷಪ್ಪ ಸಾವ್ಕಾರರ ಗೋದಾಮಿನಲ್ಲಿ, ಮೆಣಸಿನಕಾಯಿಯ ತೊಟ್ಟು ಬಿಡಿಸುವುದು. ಸುಗ್ಗಿಯಲ್ಲಿ ಹೊಸ ಕಾಯಿ, ಉಳಿದ ದಿನ ಕೋಲ್ಡ್ ಸ್ಟೋರೇಜಿನಿಂದ ಬಂದ ಕಾಯಿ. ಮೂವತ್ತು ಹೆಂಗಸರು ಮೂಗು-ಬಾಯಿಗೆ ಸೆರಗು ಕಟ್ಟಿಕೊಂಡು ರಾಶಿಯ ಸುತ್ತ ಕೂರುತ್ತಾರೆ. ಬಿಡಿಸಿದ್ದನ್ನು ತೂಗಿ ಕೂಲಿ. ಅಲ್ಲಿ ಒಂದು ರೂಢಿ ಬೆಳೆದಿತ್ತು. ಬೆಳಗಿನ ಚಹಾ ಆದ ಮೇಲೆ ಶೇಖವ್ವ ಕೈ ತೊಳೆದುಕೊಂಡು ಬಾಗಿಲ ಬಳಿ ಕೂತು ಅರ್ಧ ಗಂಟೆ ಎಲ್ಲರಿಗೂ ಕೇಳುವಂತೆ ಪೇಪರ್ ಓದುವುದು, ಆ ಹೊತ್ತಿನಲ್ಲಿ ಪ್ರತಿಯೊಬ್ಬಳೂ ತಾನು ಬಿಡಿಸಿದ್ದರಲ್ಲಿ ಒಂದೊಂದು ಹಿಡಿ ಕಾಯಿಯನ್ನು ಅವಳ ಬುಟ್ಟಿಗೆ ಹಾಕುವುದು. ಓದಿದವಳ ಕೂಲಿ ಮುರಿಯಬಾರದಲ್ಲ. ಇದನ್ನು ಅವರಿಗೆ ಯಾವ ಸಂಘದವರೂ ಹೇಳಿಕೊಟ್ಟಿರಲಿಲ್ಲ. ಸಾವ್ಕಾರರೂ ಕಂಡು ಕಾಣದಂತೆ ಇದ್ದರು, ಏಕೆಂದರೆ ಓದು ನಡೆದಾಗ ಹರಟೆ ನಿಂತು ಕೈಗಳು ಜೋರಾಗಿ ಓಡುತ್ತಿದ್ದವು.

ರಾಶಿ ಭವಿಷ್ಯ ಕೊನೆಗೆ, ಮೊದಲ ಪುಟ ಮೊದಲಿಗೆ. ಅದು ಶೇಖವ್ವನ ಕಟ್ಟಳೆ. ಹೋದ ವರ್ಷದ ಆರಂಭದಲ್ಲಿ, ಅಮೆರಿಕದವರು ನಮ್ಮ ದೇಶದ ಜನರ ಕೈಕಾಲಿಗೆ ಸರಪಳಿ ಹಾಕಿ ಮಿಲಿಟರಿ ವಿಮಾನದಲ್ಲಿ ವಾಪಸು ಕಳಿಸಿದ ಸುದ್ದಿ ಓದಿದಾಗ ಗೋದಾಮಿನಲ್ಲಿ ದೊಡ್ಡ ಚರ್ಚೆಯೇ ಆಯಿತಂತೆ. ಮೈಲವ್ವ ಎಂಬಾಕೆ ಇದ್ದಾಳೆ, ರಾಣೆಬೆನ್ನೂರು ಕಡೆಯವಳು, ಹೈಬ್ರಿಡ್ ಬೀಜ ಬೆಳೆಯುವ ಪ್ಲಾಟುಗಳಲ್ಲಿ ಕೈಯಿಂದ ಹೂವಿಗೆ ಹೂವು ಕ್ರಾಸ್ ಮಾಡುವ ಕೆಲಸ ಬಿಟ್ಟು ಇಲ್ಲಿಗೆ ಬಂದವಳು, ಶೇಖವ್ವನ ಜೀವದ ಗೆಳತಿ. ರಾಣೆಬೆನ್ನೂರು ಸಂತೆಗೆ ಟೆಂಪೋದಲ್ಲಿ ಒಯ್ಯುವ ದನಕ್ಕೂ ನೀರು ಕುಡಿಯುವಾಗ ಹಗ್ಗ ಸಡಿಲ ಮಾಡುತ್ತಾರೆ ಎಂದಳಂತೆ ಅವಳು. ಮುಂದೆ ಒಂದೆರಡು ತಿಂಗಳಿಗೆ ಇನ್ನೊಂದು ಸುದ್ದಿ. ಅದೇ ದೇಶದಲ್ಲಿ ಓದುತ್ತಿದ್ದ ಪರದೇಶದ ಹುಡುಗಿಯೊಬ್ಬಳನ್ನು, ಮುಖ ಮುಚ್ಚಿಕೊಂಡ ಸರ್ಕಾರಿ ಜನ ಬೀದಿಯಲ್ಲೇ ಸುತ್ತುವರಿದು ಹಿಡಿದೊಯ್ದಿದ್ದರು. ಕಾಲೇಜಿನ ಪತ್ರಿಕೆಯಲ್ಲಿ ಗಾಜಾದ ಬಗ್ಗೆ ನಾಲ್ಕು ಜನ ಸೇರಿ ಬರೆದ ಲೇಖನಕ್ಕೆ ಅವಳದೂ ಒಂದು ಹೆಸರಿತ್ತು. ಇದನ್ನು ಕೇಳಿ ಹೆಂಗಸರು ಲೊಚಗುಟ್ಟಿದರು. ಅದು ಅಲ್ಲಿ, ನಮ್ಮಲ್ಲಿ ಹಾಗೇನಿಲ್ಲ ಎಂದು ಸಮಾಧಾನ ಮಾಡಿಕೊಂಡರು. ಪೇಪರ್ ಮಾರುವ ನಾನೂ ಹಾಗೆಯೇ ಅಂದುಕೊಂಡಿದ್ದೆ.

ಆಮೇಲೆ ಜೂನ್ ಬಂತು. ಗಾಜಾದಲ್ಲಿ ಬಾಂಬು ನಿಲ್ಲಿಸಿ, ಜನರಿಗೆ ಅನ್ನ ಬಿಡಿ ಎಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಠರಾವು ತಂದರು. ಹದಿನೈದು ದೇಶಗಳಲ್ಲಿ ಹದಿನಾಲ್ಕು ಕೈ ಎತ್ತಿದವು. ಅಮೆರಿಕ ಒಂದೇ ಬೇಡ ಎಂದಿತು, ಠರಾವು ಬಿದ್ದುಹೋಯಿತು. ಶೇಖವ್ವ ಇದನ್ನು ಎರಡು ಸಲ ಓದಬೇಕಾಯಿತಂತೆ, ಹೆಂಗಸರಿಗೆ ಲೆಕ್ಕವೇ ಕೂಡಲಿಲ್ಲ. ಅವರ ಸ್ತ್ರೀಶಕ್ತಿ ಸಂಘದಲ್ಲಿ ಹದಿನಾಲ್ಕು ಜನ ಹೂಂ ಅಂದು ಒಬ್ಬಳು ಒಲ್ಲೆ ಅಂದರೆ, ಆ ಒಬ್ಬಳಿಗೆ ಚಹಾ ಕೊಟ್ಟು ಸಮಾಧಾನ ಮಾಡಿ ಕೆಲಸ ಮುಂದುವರಿಸುತ್ತಾರೆ. ಲೋಕದ ಪಂಚಾಯ್ತಿಯಲ್ಲಿ ಮಾತ್ರ ಬಾಂಬು ಕೊಟ್ಟವನದೇ ಕೊನೆಯ ಮಾತು. ಇದು ಯಾವ ನ್ಯಾಯ ಎಂದು ನನ್ನನ್ನು ಬಂದು ಕೇಳಿದಳು ಶೇಖವ್ವ. ನನಗೆ ಸಿಟ್ಟು ಬಂತು, ಅದು ಇವತ್ತಿಗೂ ಇಳಿದಿಲ್ಲ.

ಅದೇ ವಾರದ ಪೇಪರಿನಲ್ಲಿ ಗಾಜಾದ ಒಂದು ಕೂಸಿನ ಚಿತ್ರ ಬಂದಿತ್ತು. ಎಲುಬು ಎಣಿಸಬಹುದಾದಂಥ ಮೈ, ಮುಖದ ತುಂಬ ಬರೀ ಕಣ್ಣು. ಮೈಲವ್ವ ಆ ಹಾಳೆಯನ್ನು ಕಸಿದುಕೊಂಡು ನೋಡಿ, ಈ ಕೂಸಿನ ದೃಷ್ಟಿ ತೆಗೆಯಬೇಕು ಎಂದಳು. ಅವರ ಕೈಯಲ್ಲಿ ಇದ್ದದ್ದು ಅದೊಂದೇ. ಮಗು ಸೊರಗಿದರೆ, ಹಾಲು ಕಕ್ಕಿದರೆ ನಮ್ಮ ಕಡೆಯ ತಾಯಂದಿರು ಮೊದಲು ಮಾಡುವುದು ಅದನ್ನೇ. ಉಪ್ಪು, ಮೆಣಸಿನಕಾಯಿ ಹಿಡಿದು ಮೂರು ಸಲ ನಿವಾಳಿಸಿ, ತೂ ತೂ ಎಂದು ಕೆಂಡಕ್ಕೆ ಹಾಕುತ್ತಾರೆ. ದೃಷ್ಟಿ ತಾಗಿದ್ದರೆ ಘಾಟು ಬರುವುದಿಲ್ಲ ಎಂದು ನಂಬಿಕೆ.

ಕಾಯಿಯ ರಾಶಿಯ ಬಳಿ ಬೆಂಕಿ ತರುವಂತಿಲ್ಲ. ಹಾಗಾಗಿ ಊಟದ ಬಿಡುವಿನಲ್ಲಿ ಮೂವತ್ತೂ ಜನ ಹೊರಗೆ ಬಂದು, ಚಹಾದಂಗಡಿಯಿಂದ ಕೆಂಡ ಇಸಕೊಂಡು ಬೀದಿಯ ಅಂಚಿಗೆ ಕೂತರು. ತಪ್ಪಾದದ್ದು ಇಲ್ಲಿ. ಸಾವ್ಕಾರರ ಒಳ್ಳೆಯ ಕಾಯಿ ಮುಟ್ಟಬಾರದು ಎಂದು ಮೈಲವ್ವ ನೆಲದ ಕಸ ಗುಡಿಸಿ ಎರಡು ಬೊಗಸೆ ತಂದಿದ್ದಳು. ನಮ್ಮ ಬ್ಯಾಡಗಿ ಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರಕ್ಕಲ್ಲ. ಸುಟ್ಟರೆ ಒಬ್ಬಿಬ್ಬರು ಕೆಮ್ಮಿ ಸುಮ್ಮನಾಗುತ್ತಿದ್ದರು. ಆದರೆ ಹಿಂದಿನ ದಿನ ಅಲ್ಲಿ ಗುಂಟೂರು ಕಾಯಿ ಇಳಿದಿತ್ತು. ಆ ಬೀಜ, ಆ ಪುಡಿ ಕೆಂಡಕ್ಕೆ ಬಿದ್ದದ್ದೇ ತಡ, ಬೀದಿಗೆ ಬೀದಿಯೇ ಕೆಮ್ಮಿತು. ಎದುರಿನ ಬ್ಯಾಂಕಿನಿಂದ ಜನ ಕಣ್ಣೊರೆಸಿಕೊಳ್ಳುತ್ತ ಹೊರಗೆ ಓಡಿಬಂದರು. ಎರಡು ಬೈಕು ಒಂದಕ್ಕೊಂದು ತಾಗಿದವು. ಶೇಖವ್ವ ಆ ಚಿತ್ರವನ್ನು ಸೆರಗಿನೊಳಗೆ ಮುಚ್ಚಿ ಹಿಡಿದುಕೊಂಡಿದ್ದಳು, ಕೂಸಿಗೆ ಹೊಗೆ ತಾಗಬಾರದು ಎಂಬಂತೆ.

ಮೈಲವ್ವ ಕೆಮ್ಮುತ್ತಲೇ ಹೇಳಿದಳಂತೆ: "ಇಷ್ಟು ಘಾಟು ಬಂತಂದ್ರ ಇದು ದೃಷ್ಟಿ ಅಲ್ಲವ್ವ. ಇದು ಮನುಷ್ಯಾರು ಮಾಡಿದ್ದು."

ಯಾರೋ ಪುಣ್ಯಾತ್ಮರು ಇದನ್ನೆಲ್ಲ ಮೊಬೈಲಿನಲ್ಲಿ ಹಿಡಿದರು. ಸಂಜೆಯೊಳಗೆ ಆ ವಿಡಿಯೋ ಹಾವೇರಿ ದಾಟಿತ್ತು. ಕೂಸಿನ ಸುದ್ದಿ ಅದರಲ್ಲಿ ಎಲ್ಲೂ ಇರಲಿಲ್ಲ, ಬ್ಯಾಡಗಿಯ ಹೆಂಗಸರಿಂದ ಅಮೆರಿಕದ ಪ್ರತಿಕೃತಿ ದಹನ ಎಂದು ಬರೆದಿದ್ದರು. ಮರುದಿನ ಒಬ್ಬ ಪೇದೆ ನನ್ನ ಅಂಗಡಿಗೆ ಬಂದು, ಚಹಾ ಕುಡಿಯುತ್ತ, ಗೋದಾಮಿನ ಹೆಂಗಸರಿಗೆ ಪೇಪರ್ ಒಯ್ಯುವವರು ಯಾರಜ್ಜ ಎಂದು ಕೇಳಿದ. ನಮ್ಮ ಶೇಖವ್ವ, ಪೂರ್ತಿ ಪೇಪರ್ ಓದಿ ಹೇಳುತ್ತಾಳೆ, ನಿಮ್ಮ ಸಾಹೇಬರಿಗೂ ಅಷ್ಟು ಗೊತ್ತಿರಲಿಕ್ಕಿಲ್ಲ ಎಂದೆ. ಅವನು ನಗುತ್ತ ಬರೆದುಕೊಂಡ. ನಾನೂ ನಕ್ಕೆ, ಮೂರ್ಖ.

ಶೇಖವ್ವನಿಗೆ ನೋಟಿಸು ಬಂತು. ಯಾವ ಕಚೇರಿಯಿಂದ ಎಂದು ಬರೆಯುವುದಿಲ್ಲ, ಬರೆದರೆ ನನಗೂ ಒಂದು ಬಂದೀತು. ಯಾವುದೋ ಬಂದೋಬಸ್ತಿಗಾಗಿ ಆ ದಿನ ಊರಲ್ಲಿ ನಿಷೇಧಾಜ್ಞೆ ಇತ್ತಂತೆ, ಐದು ಜನ ಸೇರುವಂತಿರಲಿಲ್ಲವಂತೆ. ಮೂವತ್ತು ವರ್ಷದಿಂದ ಮೂವತ್ತು ಹೆಂಗಸರು ಒಂದೇ ರಾಶಿಯ ಸುತ್ತ ಕೂತಿದ್ದಾರೆ, ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಶೇಖವ್ವ ಜನರನ್ನು ಸೇರಿಸಿದಳು, ಮಿತ್ರ ರಾಷ್ಟ್ರವೊಂದನ್ನು ಅವಮಾನಿಸಿದಳು, ಶಾಂತಿ ಕದಡಿದಳು. ಆದ್ದರಿಂದ ತಪ್ಪೊಪ್ಪಿಕೊಂಡು, ಇನ್ನು ಹೀಗೆ ಮಾಡುವುದಿಲ್ಲ ಎಂದು ಮುಚ್ಚಳಿಕೆ ಬರೆದುಕೊಡಬೇಕು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬುದು ಗಾದೆ. ಇಲ್ಲಿ ಎತ್ತು ಇರುವುದೇ ಏಳು ಸಮುದ್ರದ ಆಚೆ.

ನಾನು ಹಾವೇರಿಗೆ ಬಸ್ಸು ಹತ್ತಿದೆ. ಕೋರ್ಟಿನಲ್ಲಿ ಆರಿಫ್ ಎಂಬ ವಕೀಲ ಹುಡುಗ ಪರಿಚಯ, ನನ್ನ ಹತ್ತಿರ ಪೇಪರ್ ಕೊಂಡೇ ಪಿಯುಸಿ ಓದಿದವನು. ಸಹಿ ಹಾಕಲೇಬೇಕೆಂದಿಲ್ಲ, ಆದರೆ ಹಾಕದಿದ್ದರೆ ಹದಿನೈದು ದಿನಕ್ಕೊಮ್ಮೆ ಓಡಾಡಿಸುತ್ತಾರೆ, ಶಿಕ್ಷೆಯೆಂದರೆ ಅದೇ ಎಂದ. ಫೀಸು ಮಾತಾಡದೆ ಜೊತೆಗೆ ಬಂದ.

ಮೊದಲ ತಾರೀಖಿಗೆ ನಾನೂ ಹೋಗಿದ್ದೆ. ಅಧಿಕಾರಿ ಕೆಟ್ಟ ಮನುಷ್ಯ ಅನ್ನಿಸಲಿಲ್ಲ, ಅದೇ ನನಗೆ ಹೆಚ್ಚು ಸಂಕಟ. ನಿಮಗ್ಯಾಕಮ್ಮ ಅಮೆರಿಕದ ಉಸಾಬರಿ, ಸಹಿ ಮಾಡಿ ಮನೆಗೆ ಹೋಗಿ ಎಂದು ಮನೆಯ ಮಗನಂತೆ ಹೇಳಿದರು. ಶೇಖವ್ವ ಎದ್ದು ನಿಂತಳು.

"ಸಾಹೇಬ್ರ, ನಾವು ಯಾವ ದೇಶದ ಹೆಸರೂ ತಗೊಂಡಿಲ್ರಿ. ಒಂದು ಕೂಸಿನ ದೃಷ್ಟಿ ತಗದೇವಿ, ಅಷ್ಟ. ಅದನ್ನ ನೋಡಿ ಅಮೆರಿಕಾಕ್ಕ ಬೈದ್ರು ಅಂತ ನಿಮಗ ಹೆಂಗ ತಿಳೀತ್ರಿ? ಅಂದಮ್ಯಾಲ ಆ ಕೂಸಿಗೆ ಆ ಗತಿ ತಂದವ್ರು ಯಾರು ಅನ್ನೂದು ನಿಮಗೂ ಗೊತ್ತೈತಿ."

ಅಧಿಕಾರಿ ಫೈಲು ತಿರುವಿದರು. ಆರಿಫ್ ಕಿಟಕಿಯ ಕಡೆ ಮುಖ ಮಾಡಿದ. ಕುಂಬಳಕಾಯಿ ಕದ್ದವನು ಅಲ್ಲಿ, ಹೆಗಲು ಮುಟ್ಟಿ ನೋಡಿಕೊಂಡವರು ಇಲ್ಲಿ. ನನಗೆ ಚಪ್ಪಾಳೆ ತಟ್ಟಬೇಕು ಅನ್ನಿಸಿತು, ಧೈರ್ಯ ಸಾಲಲಿಲ್ಲ. ಹದಿನೈದು ದಿನ ಬಿಟ್ಟು ಬನ್ನಿ ಎಂದರು.

ಇಷ್ಟಕ್ಕೇ ಮುಗಿದಿದ್ದರೆ ಇದನ್ನು ನಗುತ್ತ ಹೇಳುತ್ತಿದ್ದೆ. ಶೇಖವ್ವನಿಗೆ ಸುಧಾರಾಣಿ ಎಂಬ ಮಗಳಿದ್ದಾಳೆ. ಗಂಡನ ಮನೆ ಬಿಟ್ಟು ಬಂದು ಆರು ವರ್ಷವಾಯಿತು. ಇದೇ ಓಣಿಯ ಅಂಗನವಾಡಿಯ ಟೀಚರ್ ನಿವೃತ್ತರಾದಾಗ ಅರ್ಜಿ ಹಾಕಿದ್ದಳು, ಆಯ್ಕೆಯ ಪಟ್ಟಿಯಲ್ಲಿ ಅವಳ ಹೆಸರೇ ಮೊದಲಿತ್ತು. ಉಳಿದಿದ್ದದ್ದು ಪೊಲೀಸರ ನಡತೆ ವರದಿ ಒಂದೇ. ಅದನ್ನು ಕೇಳಲು ಹೋದವಳಿಗೆ, ನಿಮ್ಮವ್ವನ ಮುಚ್ಚಳಿಕೆ ಬರಲಿ, ಆಮೇಲೆ ನೋಡೋಣ ಎಂದರಂತೆ. ಬೈಯಲಿಲ್ಲ, ಬೆದರಿಸಲಿಲ್ಲ, ಕುರ್ಚಿ ಕೊಟ್ಟು ಕೂರಿಸಿಯೇ ಹೇಳಿದರಂತೆ.

ಆ ಹದಿನೈದು ದಿನ ತಾಯಿ ಮಗಳ ನಡುವೆ ಮಾತಿರಲಿಲ್ಲ. ಸುಧಾರಾಣಿ ನನ್ನ ಅಂಗಡಿಗೆ ಬಂದು ಅತ್ತಳು. ಕಾಣದ ಊರಿನ ಕೂಸಿನ ಸಲುವಾಗಿ ಹೊಟ್ಟೆಯ ಮಗಳ ಅನ್ನ ಕಳೆಯಬೇಕೇ ಎಂದು ಕೇಳಿದಳು. ಅವಳದು ತಪ್ಪು ಎಂದು ಹೇಳುವ ಬಾಯಿ ನನಗಿರಲಿಲ್ಲ. ಹೆಸರು ಕೊಟ್ಟವನು ನಾನಲ್ಲವೇ. ಗೋದಾಮಿನಲ್ಲೂ ಸಾವ್ಕಾರರು ಓದು ನಿಲ್ಲಿಸಿಬಿಟ್ಟಿದ್ದರು, ಮೂವತ್ತು ಜನರ ಕೂಲಿಗೆ ಕುತ್ತು ತರಬೇಡ ಎಂದಿದ್ದರು. ಕೊನೆಗೆ ಶೇಖವ್ವ ಸೋತಳು. ಮಗಳಿಗಾಗಿ ಸಹಿ ಹಾಕುತ್ತೇನೆ ಎಂದು ನನಗೆ ಹೇಳಿದಾಗ ಅವಳು ನನ್ನ ಮುಖ ನೋಡಲಿಲ್ಲ. ಆ ದಿನ ಪೇಪರನ್ನೂ ಒಯ್ಯಲಿಲ್ಲ.

ಎರಡನೆಯ ತಾರೀಖಿಗೆ ಸುಧಾರಾಣಿಯೂ ಬಂದಳು, ಅವ್ವ ಮನಸ್ಸು ತಿರುಗಿಸಿಯಾಳು ಎಂದು. ಗುಮಾಸ್ತ ಟೈಪು ಮಾಡಿದ ಹಾಳೆ ತಂದಿಟ್ಟ. ಶೇಖವ್ವ ಪೆನ್ನು ತೆಗೆದುಕೊಂಡಳು. ಅಷ್ಟು ಓದುವ ಹೆಂಗಸು ಆ ಹಾಳೆಯನ್ನು ಓದಲೇ ಇಲ್ಲ, ಎಲ್ಲಿ ಹಾಕಬೇಕು ತೋರಿಸಿ ಎಂದಳು. ಜಾಗ ತೋರಿಸಲು ಬಗ್ಗಿದವಳು ಸುಧಾರಾಣಿ, ಬಗ್ಗಿದಾಗ ಕಣ್ಣಿಗೆ ಬಿದ್ದದ್ದನ್ನು ಓದಿದಳು. ನಿಂತಲ್ಲೇ ಮೊದಲಿನಿಂದ ಮತ್ತೊಮ್ಮೆ ಓದಿದಳು. ವಿದೇಶದ ಮಗುವೊಂದರ ಚಿತ್ರಕ್ಕೆ ಸಾರ್ವಜನಿಕವಾಗಿ ದೃಷ್ಟಿ ನಿವಾಳಿಸಿ, ಆ ಮಗುವಿನ ಬಗ್ಗೆ ಜನರಲ್ಲಿ ಮರುಕ ಹುಟ್ಟಿಸಿದ್ದು ನನ್ನ ತಪ್ಪು ಎಂದು ಅದರಲ್ಲಿತ್ತು. ಮರುಕ ಎಂಬ ಪದವನ್ನೇ ಹಾಕಿದ್ದರು. ಆ ಪದವನ್ನು ಟೈಪು ಮಾಡಿದವರಿಗೆ ಮಕ್ಕಳಿರಲಿಲ್ಲವೇ ಎಂದು ನಾನು ಈಗಲೂ ಕೇಳಿಕೊಳ್ಳುತ್ತೇನೆ.

ಸುಧಾರಾಣಿ ತಾಯಿಯ ಬೆರಳು ಬಿಡಿಸಿ ಪೆನ್ನನ್ನು ಮೇಜಿನ ಮೇಲಿಟ್ಟಳು.

"ಅಂಗನವಾಡಿ ನೌಕ್ರಿ ಅಂದ್ರ ಕೂಸುಗಳನ್ನ ನೋಡ್ಕೊಳ್ಳೂದು ಸಾಹೇಬ್ರ," ಎಂದಳು. "ಕೂಸಿಗೆ ಮರುಗಿದ್ದು ತಪ್ಪು ಅಂತ ನಮ್ಮವ್ವನ ಕಡೆ ಬರೆಸ್ಕೊಂಡು, ಆ ನೌಕ್ರಿಗೆ ನನ್ನ ಹೆಂಗ ಕಳಸ್ತೀರಿ?"

ಅಧಿಕಾರಿ ಮುಂದಿನ ತಾರೀಖು ಕೊಟ್ಟರು. ಆಮೇಲೆ ಇನ್ನೊಂದು, ಮತ್ತೊಂದು. ತಾಯಿ ಮಗಳು ಜೊತೆಯಾಗಿಯೇ ಹೋಗಿ ಬಂದರು. ಆರು ತಿಂಗಳಾದ ಮೇಲೆ, ಆರಿಫ್ ವಿವರಿಸಿದ ಪ್ರಕಾರ, ಇಂಥ ವಿಚಾರಣೆಗೆ ಕಾನೂನು ಕೊಟ್ಟ ಅವಧಿ ಮೀರಿತೆಂದು ಫೈಲು ತಾನಾಗಿಯೇ ಮುಚ್ಚಿತು. ಶೇಖವ್ವ ತಪ್ಪು ಮಾಡಿದಳೆಂದೂ ಯಾರೂ ಹೇಳಲಿಲ್ಲ, ಮಾಡಲಿಲ್ಲವೆಂದೂ ಹೇಳಲಿಲ್ಲ. ನಡತೆ ವರದಿ ಮಾತ್ರ ಇವತ್ತಿಗೂ ಬಂದಿಲ್ಲ. ಅಂಗನವಾಡಿಗೆ ಟೀಚರ್ ಇಲ್ಲ, ಸಹಾಯಕಿ ಬಂದು ಬಾಗಿಲು ತೆಗೆದ ದಿನ ಮಕ್ಕಳಿಗೆ ಊಟ, ಬಾರದ ದಿನ ಇಲ್ಲ.